ಭತ್ತ ಕೊಯ್ಯುವ ಮುಂಚೆ ಬಂಗಾಳ ಕೊಲ್ಲಿ ನೋಡಿ

ನಮ್ಮದು ಪಾಂಡವಪುರದ ಹತ್ತಿರ, ನಾಲೆ ನೀರಿನ ಗದ್ದೆ. ಒಂದು ಡಿಸೆಂಬರಿನಲ್ಲಿ ಆಕಾಶ ತಿಳಿಯಾಗಿದೆ ಅಂತ ಭತ್ತ ಕೊಯ್ಸಿ, ಒಣಗಲಿ ಅಂತ ಗದ್ದೆಯಲ್ಲೇ ಅರಿ ಬಿಟ್ಟಿದ್ದೆ. ಮೂರನೇ ದಿನ ಮಳೆ ಹಿಡಿಯಿತು. ತೆನೆಯಲ್ಲೇ ಮೊಳಕೆ ಬಂತು. ಕಾಳು ಬಿಡಿಸಿದರೆ ಎಳೆ ಬಿಳಿ ಬೇರು. ಆ ಕಾಲದ ಮಳೆ ನಮಗೆ ಬರುವುದು ಬಂಗಾಳ ಕೊಲ್ಲಿಯಿಂದ. ಈಗ ಮೊದಲು ಅಲ್ಲಿ ನೋಡುತ್ತೇನೆ.

ಹವಾಮಾನ ಇಲಾಖೆಯ ಮೌಸಮ್ ತಾಣದಲ್ಲಿ ಉಪಗ್ರಹ ಚಿತ್ರ ತೆರೆಯಿರಿ. 2024ರ ಫೆಬ್ರವರಿಯಲ್ಲಿ ಹಾರಿಸಿದ ಇನ್ಸಾಟ್-3ಡಿಎಸ್ ಸುಮಾರು 36,000 ಕಿ.ಮೀ. ಎತ್ತರದಿಂದ ನಮ್ಮನ್ನೇ ನೋಡುತ್ತಿರುತ್ತದೆ. ಚಿತ್ರದ ಮೇಲೆ ಸಮಯ ಯುಟಿಸಿ (ಜಗತ್ತಿಗೆಲ್ಲ ಒಂದೇ ಅಂತ ಇಟ್ಟುಕೊಂಡ ಸಮಯ) ಅಂತಿದ್ದರೆ ಐದೂವರೆ ಗಂಟೆ ಕೂಡಿಸಿ. 0300 ಅಂದರೆ ನಮ್ಮ ಬೆಳಿಗ್ಗೆ 8.30. ಇದು ತಪ್ಪಿದರೆ ಹಳೇ ಮೋಡವನ್ನೇ ಹೊಸದು ಅಂದುಕೊಳ್ಳುತ್ತೀರಿ.

ಬೆಳ್ಳಗಿರುವುದೆಲ್ಲ ಮಳೆ ಅಲ್ಲ. ಇನ್‌ಫ್ರಾರೆಡ್ ಚಿತ್ರದಲ್ಲಿ ತಣ್ಣಗಿರುವುದು ಬೆಳ್ಳಗೆ ಕಾಣುತ್ತದೆ. ತುಂಬಾ ಎತ್ತರದ ತೆಳು ಮೋಡವೂ ತಣ್ಣಗೇ ಇರುತ್ತದೆ, ಅಲ್ವಾ? ಹಗಲಾಗಿದ್ದರೆ ವಿಸಿಬಲ್ ಚಿತ್ರವನ್ನೂ, ಅಂದರೆ ಬಿಸಿಲ ಬೆಳಕಲ್ಲಿ ತೆಗೆದದ್ದನ್ನೂ ನೋಡಿ. ತೆಳು ಮೋಡ ಅದರಲ್ಲಿ ಹೊಗೆಯ ಥರ ಮಸುಕು. ಎರಡರಲ್ಲೂ ಹತ್ತಿ ಉಂಡೆಯ ಥರ ದಪ್ಪಗಿದ್ದರೆ ಅದು ಮಳೆ ಮೋಡ. ಒಂದೇ ಚಿತ್ರ ನೋಡಿ ಬಿಡಬೇಡಿ. ಅರ್ಧ ಗಂಟೆಗೊಂದರಂತೆ ಬಂದದ್ದನ್ನು ಸಾಲಾಗಿ ಓಡಿಸಿದರೆ ಮೋಡ ಎತ್ತ ಹೊರಟಿದೆ ಅಂತ ಗೊತ್ತಾಗುತ್ತದೆ. ಇಲಾಖೆಯವರೂ ಇದೇ ಓಟದಿಂದ ಮೇಲಿನ ಗಾಳಿಯ ವೇಗ, ದಿಕ್ಕು ಲೆಕ್ಕ ಹಾಕುತ್ತಾರೆ.

ಕೆಳಗಿನ ಗಾಳಿಗೆ ಬೇರೆ ಉಪಗ್ರಹ, 2022ರ ನವೆಂಬರಿನ ಓಷನ್‌ಸ್ಯಾಟ್-3. ಅದು ಕಳಿಸಿದ ರೇಡಾರ್ ಅಲೆ ನೀರಿನ ಮೇಲಿನ ಸಣ್ಣ ತರೆಗಳಿಗೆ ತಾಗಿ ವಾಪಸ್ ಬರುತ್ತದೆ. ತರೆ ಎಬ್ಬಿಸುವುದು ಗಾಳಿಯೇ ಆದ್ದರಿಂದ ಅದರ ವೇಗ, ದಿಕ್ಕು ಸಿಗುತ್ತದೆ. ಇಸ್ರೋದ ಮಾಸ್‌ಡ್ಯಾಕ್ ತಾಣದಲ್ಲಿ ಈ ಮಾಹಿತಿ ಇದೆ. ಗಾಳಿಯ ಬಾಣಗಳು ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತಿದ್ದರೆ ಅಲ್ಲಿ ವಾಯುಭಾರ ಕುಸಿದಿದೆ ಅಂತ, ಹುಷಾರಾಗಿ. ಜೋರು ಮಳೆ ಬೀಳುವ ಕಡೆ ಮಾತ್ರ ಆ ಬಾಣಗಳನ್ನು ಪೂರ್ತಿ ನಂಬಬೇಡಿ, ಮಳೆಹನಿ ರೇಡಾರಿಗೆ ಅಡ್ಡ ಬರುತ್ತದೆ.

ಇಷ್ಟು ನೋಡಿದ ಮೇಲೆ ಇಲಾಖೆಯ ಮುನ್ಸೂಚನೆ ಓದಿ. ಅದಕ್ಕೂ ಈ ಉಪಗ್ರಹಗಳು ಬೇಕು. ಸಮುದ್ರದ ಮೇಲೆ ಮಳೆಮಾಪಕ ಇಡೋಕೆ ಜಾಗ ಎಲ್ಲಿ? ಅಳತೆ ಉಪಕರಣ ಹೊತ್ತು ತೇಲುವ ಬೋಯ್, ಹಡಗು ಸಿಗುವುದೇ ಅಲ್ಲೊಂದು ಇಲ್ಲೊಂದು. ಇವತ್ತಿನ ಸ್ಥಿತಿ ಸರಿಯಾಗಿ ಕೊಟ್ಟರೆ ತಾನೇ ಕಂಪ್ಯೂಟರ್ ನಾಲ್ಕನೇ ದಿನದ್ದು ಸರಿ ಹೇಳೋದು? ಆ ಖಾಲಿ ಜಾಗ ತುಂಬುವುದು ಈ ಉಪಗ್ರಹಗಳೇ.

ನಾನು ಎರಡು ದಿನ, ಬೆಳಿಗ್ಗೆ ಸಂಜೆ ನೋಡುತ್ತೇನೆ. ಮೋಡದ ಗುಂಪು ಬಿಗಿಯಾಗುತ್ತಾ ತಮಿಳುನಾಡಿನ ಕಡೆ ಸರಿಯುತ್ತಿದ್ದು, ಮುನ್ಸೂಚನೆಯೂ ಮಳೆ ಅಂದರೆ, ಕಟಾವು ಮಿಷನ್ನಿನವರಿಗೆ ಫೋನ್ ಮಾಡಿ, 'ಅಣ್ಣಾ, ನಾಲ್ಕು ದಿನ ತಡ್ಕೊ' ಅಂತೀನಿ.