ಕೌದಿಯ ಹಿಂದಿನ ಏರ್‌ಗನ್: ಹೆಗ್ಗಣದ ಕಾಟ ಕಳೆದ ನನ್ನ ಅನುಭವ

ಈ ಸಲ ಎಳ್ಳಮಾಸಿಗೆ ಹೊಲಕ್ಕೆ ಬಂದ ಬೀಗರು ಊಟಕ್ಕೆ ಕೂಡೋ ಮೊದಲು ಕೋಳಿ ಗೂಡಿನ ಮುಂದೆ ನಿಂತು ಎಣಿಸಿದರು. ಬಿಟ್ಟಿದ್ದು 50 ಗಿರಿರಾಜ ಮರಿ, ಬೆಳೆದು ನಿಂತದ್ದು 46. ಇದೇ ಬೀಗರು ಮೂರು ವರ್ಷದ ಹಿಂದೆ, ನಾನು ಏರ್‌ಗನ್ ತಂದ ದಿನ, "ಹುಡುಗರ ಆಟಿಗಿ ಸಾಮಾನ ಅದ. ಅದರಿಂದ ಹೆಗ್ಗಣ ಸಾಯ್ತದೇನು? ಸುಮ್ನೆ ರೊಕ್ಕ ಹಾಳ ಮಾಡ್ಲಕತ್ತೀ" ಅಂದಿದ್ದರು. ಅವರೊಬ್ಬರೇ ಅಲ್ಲ, ಕೃಷಿ ಸಾಮಾನಿನ ಅಂಗಡಿಯವನಿಂದ ಹಿಡಿದು ನನ್ನ ತಮ್ಮನವರೆಗೆ ಎಲ್ಲರದೂ ಅದೇ ಮಾತು. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ.

ಮನೆ ಇರುವುದು ಚಿತ್ತಾಪುರ ತಾಲೂಕಿನಲ್ಲಿ, ಕಾಗಿಣಾ ಹೊಳೆಯ ಕಡೆ, ಊರು ಬಿಟ್ಟು ಹೊಲದಲ್ಲೇ. ಸುತ್ತ ತೊಗರಿ. ಕಂಪೌಂಡು, ಕೊಟ್ಟಿಗೆ, ಅಂಗಳ ಎಲ್ಲಾ ಫರ್ಸಿ, ಅಂದರೆ ಚಪ್ಪಟೆ ಹಾಸುಗಲ್ಲು. ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ: ಒಂದರ ಮೇಲೊಂದು ಒಟ್ಟಿದ ಫರ್ಸಿ ಗೋಡೆಯ ಸಂದಿಯಲ್ಲಿ ಹೆಗ್ಗಣ ಒಮ್ಮೆ ಸೇರಿತೆಂದರೆ ಗೋಡೆ ಕಿತ್ತರೂ ಹೋಗುವುದಿಲ್ಲ. ತೊಗರಿ ಕಟಾವು ಮುಗಿದ ಮೇಲಂತೂ ಹೊಲದಲ್ಲಿದ್ದವೂ ಮನೆಯ ಕಡೆಗೇ ಬರುತ್ತವೆ. ಕಾಳು ತಿಂದರೆ ಒಂದು ಲೆಕ್ಕ, ಮರಿ ಎಳೆದೊಯ್ಯಲು ಶುರು ಮಾಡಿದರೆ ಬೇರೆ ಲೆಕ್ಕ. ಆ ವರ್ಷ 40 ಮರಿ ತಂದಿದ್ದೆ. ಮೂರು ವಾರದಲ್ಲಿ 17 ಹೋದವು. ಬೆಳಿಗ್ಗೆ ಗೂಡು ತೆಗೆದರೆ ಮೂಲೆಯಲ್ಲಿ ಹಿಡಿಯಷ್ಟು ತುಪ್ಪಳ, ಕೆಳಗೆ ಮುಷ್ಟಿ ಹೋಗುವಷ್ಟು ಬಿಲ.

ಮೊದಲು ನನ್ನ ಗುಮಾನಿ ಮುಂಗುಸಿ ಮೇಲೆ, ಆಮೇಲೆ ಕಾಡುಬೆಕ್ಕಿನ ಮೇಲೆ. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಮುಂಗುಸಿ, ಕಾಡುಬೆಕ್ಕು, ನರಿ, ತೋಳ, ಇವು ಯಾವುದಕ್ಕೂ ಗನ್ ಎತ್ತುವ ಹಾಗಿಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಎಲ್ಲಕ್ಕೂ ರಕ್ಷಣೆ ಇದೆ, ಏರ್‌ಗನ್‌ನಿಂದ ಹೊಡೆದರೂ ಅದು ಬೇಟೆಯೇ, ಜೈಲು ತಪ್ಪಲ್ಲ. ಕಾಯ್ದೆ ಹಾಗಿರಲಿ, ಮುಂಗುಸಿ ಹೆಗ್ಗಣವನ್ನೂ ಹಾವನ್ನೂ ತಿನ್ನುತ್ತದೆ, ಅದನ್ನು ಕಳೆದುಕೊಂಡರೆ ನಷ್ಟ ನಮಗೇ. ಅವಕ್ಕೆ ಅರ್ಧ ಇಂಚಿನ ಜಾಳಿಗೆ, ಹೊತ್ತು ಮುಳುಗುವ ಮೊದಲೇ ಮುಚ್ಚುವ ಬಾಗಿಲು, ಗೂಡಿನ ಸುತ್ತ ಒಂದೂವರೆ ಅಡಿ ಅಗಲ ಹಾಸಿದ ಫರ್ಸಿ, ಇಷ್ಟೇ ಸಾಕಾಯಿತು. ಆದರೆ ಹೆಗ್ಗಣ ಆ ಫರ್ಸಿಯ ಅಡಿಯಿಂದಲೇ ಬಂತು. ನಮ್ಮದು ಎರೆಮಣ್ಣು. ಬ್ಯಾಸಗಿಗೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಹೆಗ್ಗಣಕ್ಕೆ ಅಗೆಯುವ ಕೆಲಸವೂ ತಪ್ಪಿತು.

ವಿಷ ಇಟ್ಟು ನೋಡಿದ್ದೆ. ಜಿಂಕ್ ಫಾಸ್ಫೈಡ್ ಒಂದೇ ರಾತ್ರಿ ಕೆಲಸ ಮಾಡಿತು, ನಾಲ್ಕು ಬಿದ್ದವು. ಅರ್ಧ ತಿಂದು ಬದುಕಿಕೊಂಡವು ಮತ್ತೆ ಆ ತಿಂಡಿಯ ಹತ್ತಿರ ಸುಳಿಯಲಿಲ್ಲ. ಮೊದಲು ನಾಲ್ಕು ದಿನ ವಿಷ ಇಲ್ಲದ ನುಚ್ಚು ಇಟ್ಟು ರೂಢಿ ಮಾಡಿಸಬೇಕಿತ್ತು, ನನಗೆ ಅವಸರ. ಆಮೇಲೆ ಬ್ರೊಮಾಡಿಯೋಲೋನ್ ಬಿಲ್ಲೆ ತಂದೆ. ಅದು ನಿಧಾನ, ತಿಂದ ಹೆಗ್ಗಣ ನಾಲ್ಕೈದು ದಿನ ತಿರುಗಾಡಿ ಸಾಯುತ್ತದೆ. ಹಾಗೆ ಸತ್ತದ್ದನ್ನು ನಮ್ಮ ನಾಯಿ ತಿಂದಿತು. ಒಂದಲ್ಲ, ಎಷ್ಟು ದಿನದಿಂದ ಎಷ್ಟು ತಿಂದಿತ್ತೋ. ಒಸಡಿನಲ್ಲಿ ರಕ್ತ ಕಂಡಾಗ ಚಿತ್ತಾಪುರಕ್ಕೆ ಓಡಿದೆ, ವಿಟಮಿನ್ ಕೆ ಇಂಜೆಕ್ಷನ್ ಕೊಡಿಸಿದೆ, ತಡವಾಗಿತ್ತು. ಒಂಬತ್ತು ವರ್ಷದ ನಾಯಿ. ಅವತ್ತಿಂದ ನಮ್ಮ ಅಂಗಳದಲ್ಲಿ ವಿಷ ಬಂದ್.

ಇನ್ನು ಗನ್ನಿನ ಮಾತು. 2016ರ ಆರ್ಮ್ಸ್ ರೂಲ್ಸ್ ಪ್ರಕಾರ 0.177 ಇಂಚು ಬೋರಿನ (ನಳಿಗೆಯ ತೂತಿನ ಅಳತೆ), 20 ಜೂಲ್ ಶಕ್ತಿಯ ಒಳಗಿನ ಏರ್‌ಗನ್ನಿಗೆ ಲೈಸೆನ್ಸ್ ಬೇಡ. ಮೊದಲನೆಯದು ಕಲಬುರಗಿಯ ಒಬ್ಬರಿಂದ ಸೆಕೆಂಡ್ ಹ್ಯಾಂಡ್ ತಂದ ಸ್ಪ್ರಿಂಗ್ ಗನ್, ಆರೂವರೆ ಸಾವಿರ ಇರಬೇಕು. ಟ್ರಿಗರ್ ಒತ್ತಿದರೆ ಒಳಗೆ ಸ್ಪ್ರಿಂಗು ಹಿತ್ತಾಳೆ ತಾಟು ಬಿದ್ದ ಹಾಗೆ ಝಣ್ ಅನ್ನುತ್ತಿತ್ತು. ಒಂದು ಹೊಡೆದರೆ ಉಳಿದವು ಒಂದು ತಾಸು ಹೊರಗೆ ಮುಖ ಹಾಕುತ್ತಿರಲಿಲ್ಲ. ಸದ್ದು ಕಡಿಮೆ ಆಗಲಿ ಅಂತ ನಾನು ಮಾಡಿದ್ದು ದೊಡ್ಡ ತಪ್ಪು: ಹೊಲಿಗೆ ಮಷೀನಿನ ಎಣ್ಣೆ ಬಿಟ್ಟೆ. ಪಿಸ್ಟನ್ ಮುಂದೆ ಗಾಳಿ ಒತ್ತಿ ಕಾದಾಗ ಆ ಎಣ್ಣೆಗೆ ಬೆಂಕಿ ಹತ್ತುತ್ತದೆ, ಡೀಸೆಲ್ ಇಂಜಿನ್ನಿನಲ್ಲಿ ಹತ್ತುವ ಹಾಗೆಯೇ. ಢಂ ಅಂತು, ನಳಿಗೆಯಿಂದ ನೀಲಿ ಹೊಗೆ ಬಂತು, ಪಕ್ಕದ ಹೊಲದವರು ಬ್ಯಾಟರಿ ಹಿಡಿದು ಓಡಿಬಂದರು. ಸೀಲು ಸುಟ್ಟು ಹೋಯಿತು. ರಿಪೇರಿಗೆ ಸಾವಿರದ ಮೇಲೆ ಕೊಟ್ಟು ಕೊನೆಗೆ ಮೂರು ಸಾವಿರಕ್ಕೆ ಮಾರಿದೆ.

ಎರಡನೆಯದು ಸ್ನೇಹಿತನಿಂದ ಹದಿನೈದು ದಿನಕ್ಕೆ ತಂದ ಪಿಸಿಪಿ, ಅಂದರೆ ಮೊದಲೇ ಗಾಳಿ ಒತ್ತಿ ತುಂಬಿಟ್ಟು ಹೊಡೆಯುವ ಗನ್ನು. ಝಣ್ ಇಲ್ಲ, ಅಲುಗಾಟ ಇಲ್ಲ, ಗುರಿ ಬಹಳ ಛಲೋ. ಆದರೆ ತುಂಬಿದ ಗಾಳಿ ಒಮ್ಮೆಲೇ ನಳಿಗೆಯ ತುದಿಯಿಂದ ನುಗ್ಗುವ ಸದ್ದು ಚಾಟಿ ಹೊಡೆದಂತೆ. ಅದರ ಮೇಲೆ 200 ಬಾರ್ ಗಾಳಿಯ ಒತ್ತಡ ಏರಿಸಲು ಕೈಪಂಪು. ನಮ್ಮ ಮೇ ತಿಂಗಳ 43 ಡಿಗ್ರಿಯಲ್ಲಿ ಆ ಪಂಪು ಒತ್ತಿದವನಿಗೇ ಗೊತ್ತು. ಗನ್ನು, ಪಂಪು ಸೇರಿ ಲೆಕ್ಕ ಮಾಡಿದರೆ ನಲವತ್ತು ಸಾವಿರದ ಹತ್ತಿರ. ಸೈಲೆನ್ಸರ್ ಕೂಡಿಸು ಎಂದು ಇಬ್ಬರು ಹೇಳಿದರು. ಬೇಡ್ರಿ. 1959ರ ಆರ್ಮ್ಸ್ ಆ್ಯಕ್ಟಿನಲ್ಲಿ ಬಂದೂಕಿನ ಸದ್ದು ತಗ್ಗಿಸುವ ಸಾಮಾನನ್ನೂ ಬಂದೂಕೆಂದೇ ಲೆಕ್ಕ ಹಿಡಿದಿದ್ದಾರೆ. ಹೆಗ್ಗಣದ ಸಲುವಾಗಿ ಠಾಣೆ ಮೆಟ್ಟಿಲು ಹತ್ತುವ ಕೆಲಸ ನನಗೆ ಬೇಡ.

ಮೂರನೆಯದು ಈಗ ನನ್ನ ಹತ್ತಿರ ಇರುವುದು, ಗ್ಯಾಸ್ ರ‍್ಯಾಮ್, ನಳಿಗೆ ಮಡಚುವಂಥದ್ದು. ಹದಿಮೂರೂವರೆಯೋ ಹದಿನಾಲ್ಕೋ ಸಾವಿರ. ಸ್ಪ್ರಿಂಗಿನ ಬದಲು ಒಳಗೆ ಗ್ಯಾಸ್ ಸಿಲಿಂಡರು. ಝಣ್ ಅನ್ನುವುದಿಲ್ಲ, ಜೋಳದ ಚೀಲ ನೆಲಕ್ಕೆ ಇಟ್ಟ ಹಾಗೆ ಧಪ್ ಅನ್ನುತ್ತದೆ, ಅಷ್ಟೇ. ಡಬ್ಬಿಯ ಮೇಲೆ ಸಾವಿರದ ಮೇಲಿನ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಅಡಿ ಎಂಬ ವೇಗ) ಬರೆದ ಗನ್ನುಗಳೂ ಅಂಗಡಿಯಲ್ಲಿದ್ದವು. ಆ ವೇಗ ಬರುವುದು ಹಗುರ ಅಲಾಯ್ ಪೆಲೆಟ್ಟಿಗೆ, ಅಂದರೆ ಏರ್‌ಗನ್ನಿನ ಪುಟ್ಟ ಗುಂಡಿಗೆ, ಮಾತ್ರ. ಪೆಲೆಟ್ ಸದ್ದಿನ ವೇಗ, ಅಂದರೆ ಸೆಕೆಂಡಿಗೆ 340 ಮೀಟರ್ ಆಸುಪಾಸು, ದಾಟಿತೆಂದರೆ ಗಾಳಿಯಲ್ಲೇ ಚಟ್ ಅನ್ನುತ್ತದೆ, ಗುರಿಯೂ ಚೆದುರುತ್ತದೆ. ನಾನು ಹಾಕುವುದು ಅರ್ಧ ಗ್ರಾಮಿನ ಮೇಲಿನ ಸೀಸದ, ಗುಂಡು ತಲೆಯ ಪೆಲೆಟ್. ನಿಧಾನ, ಭಾರ, ಸದ್ದಿಲ್ಲ. ಹದಿನೈದು ಮೀಟರಿನಲ್ಲಿ ಹೆಗ್ಗಣಕ್ಕೆ ಇದಕ್ಕಿಂತ ಹೆಚ್ಚು ಬೇಡವೇ ಬೇಡ.

ಸದ್ದು ಅಳೆಯಲು ಮೊಬೈಲ್ ಆ್ಯಪ್ ಹಾಕಿದ್ದೆ. ಮೂರೂ ಗನ್ನಿಗೆ ಹೆಚ್ಚು ಕಡಿಮೆ ಒಂದೇ ಅಂಕಿ ತೋರಿಸಿತು. ಫೋನಿನ ಮೈಕು ಇಂಥ ಒಮ್ಮೆಲೇ ಬರುವ ಸದ್ದನ್ನು ಪೂರ್ತಿ ಹಿಡಿಯುವುದಿಲ್ಲ. ನನ್ನ ಮೀಟರ್ ಕೊಟ್ಟಿಗೆಯ ಎಮ್ಮೆ. ಸ್ಪ್ರಿಂಗ್ ಗನ್ನಿಗೆ ಹಗ್ಗ ಜಗ್ಗಿ ಎದ್ದು ನಿಂತಿತ್ತು, ಪಿಸಿಪಿಗೆ ತಲೆ ಎತ್ತಿತು, ಗ್ಯಾಸ್ ರ‍್ಯಾಮಿಗೆ ಒಂದು ಕಿವಿ ತಿರುಗಿಸಿ ಮೆಲುಕು ಮುಂದುವರಿಸಿತು. ಅಂಗಡಿಯಲ್ಲಿ ನಿಂತು ಯಾವ ಗನ್ ಸೈಲೆಂಟ್ ಅಂತ ಕೇಳುವವರು ಮನೆಗೆ ತಂದು ದನದ ಮುಂದೆ ಒಮ್ಮೆ ಹೊಡೆದು ನೋಡಲಿ.

ಆದರೂ ಮೊದಲ ತಿಂಗಳು ಬಿದ್ದದ್ದು ಮೂರೇ ಮೂರು. ನನ್ನವು ಎರಡು ತಪ್ಪುಗಳಿದ್ದವು. ಒಂದು, ಸ್ಕೋಪ್. ಹದಿನೈದು ಮೀಟರಿಗೆ ಗುರಿ ಕೂಡಿಸಿ (ಝೀರೋ ಮಾಡಿ) ಏಳು ಮೀಟರಿನ ಹೆಗ್ಗಣಕ್ಕೆ ಹೊಡೆಯುತ್ತಿದ್ದೆ. ಸ್ಕೋಪ್ ನಳಿಗೆಗಿಂತ ಎರಡು ಇಂಚು ಮೇಲೆ ಕೂತಿರುತ್ತದೆ, ಹತ್ತಿರದ ಏಟು ಕೆಳಗೇ ಬೀಳುತ್ತದೆ. ಎಲ್ಲಾ ಹೊಟ್ಟೆಯ ಕೆಳಗಿನ ಮಣ್ಣಿಗೆ ಹೋಗುತ್ತಿದ್ದವು. ಹಾಳೆ ಹಚ್ಚಿ ಐದು, ಏಳು, ಹತ್ತು, ಹದಿನೈದು ಮೀಟರಿಗೆ ಬೇರೆ ಬೇರೆ ಗುರುತು ಮಾಡಿಕೊಂಡ ಮೇಲೆ ಸರಿಯಾಯಿತು. ಎರಡು, ಫರ್ಸಿ. ತಪ್ಪಿದ ಪೆಲೆಟ್ ಕಲ್ಲಿಗೆ ತಾಗಿ ಸಿಡಿದು ನೀರಿನ ಪ್ಲಾಸ್ಟಿಕ್ ಡ್ರಮ್ಮಿಗೆ ಬಡಿಯಿತು. ಆ ಡ್ರಮ್ಮಿನ ಪಕ್ಕದಲ್ಲಿ ಐದು ನಿಮಿಷದ ಮೊದಲು ನನ್ನ ಮಗಳು ಕೈ ತೊಳೆಯುತ್ತಿದ್ದಳು. ಅವತ್ತು ಗನ್ ಒಳಗಿಟ್ಟು ಎರಡು ವಾರ ಮುಟ್ಟಲಿಲ್ಲ. ಈಗ ಬಿಲದ ಹಿಂದೆ ಉಸುಕು ತುಂಬಿದ ನಾಲ್ಕು ಗೋಣಿಚೀಲ ಒಟ್ಟಿದ್ದೇನೆ, ಮೇಲೆ ಹಳೆಯ ತಾಡಪತ್ರಿ. ಚೀಲ ಇಲ್ಲದ ಕಡೆ ಹೆಗ್ಗಣ ಎದುರಿಗೆ ಬಂದು ಕೂತರೂ ಟ್ರಿಗರ್ ಮುಟ್ಟುವುದಿಲ್ಲ. ಮನೆಯವರೆಲ್ಲ ಒಳಗೆ ಇದ್ದಾರೆಂದು ಕೂಗಿ ಕೇಳಿಕೊಂಡ ಮೇಲೇ ಪೆಲೆಟ್ ಹಾಕುತ್ತೇನೆ.

ಕೆಲಸ ಕೈಗೂಡಿದ್ದು ಕೌದಿಯಿಂದ. ಆಗ ನಾನು ಕೊಟ್ಟಿಗೆಯ ತಗಡಿನ ಕೆಳಗೆ ಕೂತು ಹೊಡೆಯುತ್ತಿದ್ದೆ, ಆ ತಗಡು ಸದ್ದನ್ನು ಎರಡರಷ್ಟು ಮಾಡುತ್ತಿತ್ತು. ಒಂದು ಚಳಿಯ ರಾತ್ರಿ ಹೊರಗೆ ಕೂಡಲಾಗದೆ ಹಿಂದಿನ ಕೋಣೆಯ ಕಿಟಕಿಯಿಂದ ಹೊಡೆದೆ. ಗಾಳಿ ಬರಬಾರದೆಂದು ಅವ್ವ ಹೊಲಿದ ಹಳೆಯ ಕೌದಿಯನ್ನು ಕಿಟಕಿಗೆ ನೇತು ಹಾಕಿ, ಗೇಣಗಲ ಸಂದಿ ಬಿಟ್ಟಿದ್ದೆ. ಒಂದು ಬಿತ್ತು. ಮರೆಯಲ್ಲಿದ್ದ ಎರಡನೆಯದು ಓಡಿಹೋಗಲಿಲ್ಲ, ಮೀಸೆ ಅಲುಗಿಸುತ್ತ ಹಾಗೇ ನಿಂತಿತ್ತು. ಅವತ್ತು ಒಂದೇ ತಾಸಿನಲ್ಲಿ ಐದು. ಈಗ ನಳಿಗೆಯ ತುದಿ ಕಿಟಕಿಯಿಂದ ಎರಡು ಅಡಿ ಒಳಗೇ ಇರುತ್ತದೆ, ಮುಂದೆ ಒಂದು, ಎರಡು ಬದಿಗೆ ಒಂದೊಂದು ಕೌದಿ. ಹಳೇ ಸೀರೆ, ಧೋತರ ಐದಾರು ಪದರ ಹಾಕಿ ಹೊಲಿದದ್ದೇ ಆಗಬೇಕು, ಅಂಗಡಿಯ ಬ್ಲಾಂಕೆಟ್ ನಡೆಯಲಿಲ್ಲ, ನೋಡಿದ್ದೇನೆ. ಗನ್ನನ್ನು ಗಟ್ಟಿ ಕಲ್ಲಿನ ಮೇಲಲ್ಲ, ಹೊಟ್ಟಿನ ಚೀಲದ ಮೇಲೆ ಸಡಿಲ ಹಿಡಿತದಲ್ಲಿ ಇಡಬೇಕು.

ಬೆಳಕಿಗೆ ಬ್ಯಾಟರಿಯ ಗಾಜಿಗೆ ಕೆಂಪು ಜಿಲೆಟಿನ್ ಹಾಳೆ ಕಟ್ಟಿದ್ದೇನೆ, ಕೆಂಪು ಬೆಳಕು ಅವಕ್ಕೆ ಸರಿಯಾಗಿ ಕಾಣುವುದಿಲ್ಲ. ತಿಂಡಿಗೆ ಕಟಕ್ ರೊಟ್ಟಿ, ಶೇಂಗಾ, ಒಣಮೀನು, ಕೊಬ್ಬರಿ ಒಂದೊಂದು ವಾರ ಇಟ್ಟು ನೋಡಿದೆ. ರೊಟ್ಟಿ ತುಣುಕನ್ನು ಕಚ್ಚಿಕೊಂಡು ಬಿಲಕ್ಕೆ ಓಡುತ್ತವೆ, ಪ್ರಯೋಜನ ಇಲ್ಲ. ಕೂತು ನೆಕ್ಕುವಂಥದ್ದು ಬೇಕು. ಕೊನೆಗೆ ಶೇಂಗಾ ಹಿಂಡಿಗೆ ಇನ್ನೆರಡು ಸಾಮಾನು ಕೂಡಿಸಿ ಕಲ್ಲಿಗೆ ಸವರಿದ್ದು ಎಲ್ಲಕ್ಕಿಂತ ಛಲೋ ಆಯಿತು. ಆ ಎರಡು ಸಾಮಾನು ಯಾವವು, ರಾತ್ರಿ ಎಷ್ಟು ಗಂಟೆಗೆ ಸವರುತ್ತೇನೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಹೊಲದಲ್ಲಿ ಬೇರೆ ಒಂದು ಪ್ರಯೋಗವೂ ನಡೆದಿದೆ. ತೊಗರಿ ನಡುವೆ ಇಂಗ್ಲಿಷ್ ಟಿ ಅಕ್ಷರದ ಹಾಗೆ ಆರು ಬಡಿಗೆ ನೆಟ್ಟಿದ್ದೇನೆ, ಗೂಬೆ ಕೂಡಲಿ ಎಂದು. ಮೊದಲ ವರ್ಷ ಕಾಗೆ ಮಾತ್ರ ಕೂತವು. ಎರಡನೆಯ ವರ್ಷ ಬಡಿಗೆಯ ಬುಡದಲ್ಲಿ ಗೂಬೆ ಕಾರಿದ ಉಂಡೆ ಸಿಕ್ಕವು. ಒಂದನ್ನು ನೀರಿನಲ್ಲಿ ನೆನೆಸಿ ಬಿಡಿಸಿದೆ: ಬೂದು ಕೂದಲು, ನಡುವೆ ಎರಡು ಪುಟ್ಟ ದವಡೆ, ಹಳದಿ ಹಲ್ಲು ಸಮೇತ. ಮಗಳು ಅದನ್ನು ಬೆಂಕಿಪೊಟ್ಟಣದಲ್ಲಿ ಹಾಕಿ ಸಾಲಿಗೆ ಒಯ್ದಳು. ಮನೆಯಲ್ಲಿ ವಿಷ ಇಟ್ಟಿದ್ದರೆ ಆ ಗೂಬೆಯೂ ಉಳಿಯುತ್ತಿರಲಿಲ್ಲ.

ಹೊಡೆದದ್ದನ್ನು ಎಸೆಯಬೇಡಿ. ಒಳಗೆ ಸೀಸ ಇರುತ್ತದೆ. ನಾಯಿ, ಬೆಕ್ಕು, ಹದ್ದು ತಿಂದರೆ ಅದೂ ವಿಷವೇ. ಇಲಿಜ್ವರದ ಭಯ ಬೇರೆ. ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಎತ್ತಿ, ಎರಡು ಅಡಿ ಆಳಕ್ಕೆ ಹುಗಿಯುತ್ತೇನೆ, ಸುಣ್ಣ ಚೆಲ್ಲುತ್ತೇನೆ.

ಎರಡು ಚಳಿಗಾಲ ಸೇರಿ ಅರವತ್ತರ ಮೇಲಾಗಿವೆ, ಗೋಡೆಗೆ ಇದ್ದಿಲಿನಿಂದ ಗೆರೆ ಎಳೆದಿದ್ದೇನೆ, ಮಳೆಗೆ ಕೆಲವು ಅಳಿಸಿ ಹೋದವು. ಒಟ್ಟು ಖರ್ಚು, ಮೊದಲ ಗನ್ನಿನ ನಷ್ಟ, ಸ್ಕೋಪು, ಪೆಲೆಟ್ಟು ಎಲ್ಲಾ ಸೇರಿ ಇಪ್ಪತ್ತೆರಡು ಸಾವಿರದ ಸುತ್ತ. ಈ ಸಲ ಹೋದ ನಾಲ್ಕು ಮರಿಗಳಲ್ಲಿ ಮೂರು ರೋಗಕ್ಕೆ ಹೋದವು, ಒಂದು ಮಾತ್ರ ಹೆಗ್ಗಣಕ್ಕೆ. ಆ ಬಿಲ ಬೇವಿನ ಮರದ ಬುಡದಲ್ಲಿದೆ, ಕಿಟಕಿಯಿಂದ ಕಾಣುವುದಿಲ್ಲ. ಅದಕ್ಕೆ ಬಚ್ಚಲ ಕೋಣೆಯ ಜಾಳಿಗೆ ಬಿಚ್ಚಿ, ನಾಲ್ಕನೆಯ ಕೌದಿ ಕಟ್ಟಿದ್ದೇನೆ. ಉಸುಕಿನ ಚೀಲ ನಾಳೆ ತುಂಬಬೇಕು.