ಯುಪಿಎಸ್ ಅಲ್ಲ, ರ‍್ಯಾಮ್ ಕೆಟ್ಟಿತ್ತು

ಜುಲೈನಲ್ಲಿ ಮಡಿಕೇರಿ ಮಳೆ ಹೇಗಿರುತ್ತದೆ ಅಂತ ಗೊತ್ತಲ್ವಾ. ನಮ್ಮ ತೋಟದ ಆಫೀಸಿನ ಲಿನಕ್ಸ್ ಸರ್ವರ್ ವಾರಕ್ಕೆರಡು ಸಲ ನಿಂತುಹೋಗುತ್ತಿತ್ತು. ಕರೆಂಟಿನ ಕಾಟ ಅಂದುಕೊಂಡು ಸುಮ್ನೆ ಯುಪಿಎಸ್ ಬದಲಾಯಿಸಿದೆ. ದುಡ್ಡು ದಂಡ.

ಆಮೇಲೆ ಕರ್ನಲ್ (ಲಿನಕ್ಸ್‌ನ ತಿರುಳು) ಬರೆದಿಡುವ ಲಾಗ್ ನೋಡಿದರೆ ಸಾಲುಸಾಲು ಮೆಮೊರಿ ಎರರ್. ನಮ್ಮದು ಇಸಿಸಿ ರ‍್ಯಾಮ್. ಒಂದು ಬಿಟ್ ತಪ್ಪಿದರೆ ಹಾರ್ಡ್‌ವೇರೇ ಸರಿಮಾಡಿಕೊಳ್ಳುತ್ತದೆ, ಎರಡು ತಪ್ಪಿದರೆ ಪತ್ತೆ ಹಚ್ಚುತ್ತದೆ ಅಷ್ಟೇ. ಮುಂದಿನದು ಆ ಪೇಜ್ (ಮೆಮೊರಿಯ ಒಂದು ಸಣ್ಣ ತುಂಡು) ಯಾರದು ಅನ್ನುವುದರ ಮೇಲೆ: ಡಿಸ್ಕಿನಲ್ಲಿ ಅದೇ ಪ್ರತಿ ಇದ್ದರೆ ಕರ್ನಲ್ ಎಸೆದು ಮತ್ತೆ ಓದಿಕೊಳ್ಳುತ್ತದೆ, ಯಾವುದೋ ಪ್ರೋಗ್ರಾಮಿನ ಡೇಟಾ ಆದರೆ ಅದನ್ನು ಸಾಮಾನ್ಯವಾಗಿ ಕೊಲ್ಲುವ ಸಂಕೇತವಾದ ಸಿಗ್‌ಬಸ್ ಕಳಿಸುತ್ತದೆ, ಕರ್ನಲ್‌ನದೇ ಆದರೆ ಸಾಮಾನ್ಯವಾಗಿ ಪ್ಯಾನಿಕ್, ಅಂದರೆ ಇಡೀ ಸಿಸ್ಟಮ್ಮೇ ನಿಲ್ಲುತ್ತದೆ. ನಮಗೆ ಆಗುತ್ತಿದ್ದದ್ದು ಇದೇ. ಬೈದುಕೊಂಡೆ, ಆದರೆ ಕಾಫಿ ತೂಕದ ಲೆಕ್ಕ ಸದ್ದಿಲ್ಲದೆ ತಪ್ಪಾಗುವುದಕ್ಕಿಂತ ಸರ್ವರ್ ನಿಲ್ಲುವುದೇ ವಾಸಿ.

ಹೀಗೆ ಕೆಟ್ಟ ಪೇಜನ್ನು ದೂರ ಇಡುವ ಏರ್ಪಾಡು ಲಿನಕ್ಸ್‌ನಲ್ಲಿ 2009ರ 2.6.32 ಆವೃತ್ತಿಯಿಂದ ಇದೆ. ರಾಸ್‌ಡೀಮನ್ ಅನ್ನುವ, ಹಾರ್ಡ್‌ವೇರ್ ಎರರ್ ದಾಖಲಿಸುವ ಪ್ರೋಗ್ರಾಮ್ ಹಾಕಿ ಎಣಿಸುತ್ತಾ ಕೂತೆ. ಹಾರ್ಡ್‌ವೇರ್ ಸರಿಮಾಡಿಕೊಂಡ ತಪ್ಪುಗಳೇ ಮೆಮೊರಿಯ ಒಂದೇ ವಿಳಾಸದಲ್ಲಿ ಮತ್ತೆ ಮತ್ತೆ ಬರುತ್ತಿದ್ದವು. ಆ ಪೇಜನ್ನು ಸಾಫ್ಟ್ ಆಫ್‌ಲೈನ್ ಮಾಡಿದೆ, ಅಂದರೆ ಒಳಗಿದ್ದದ್ದನ್ನು ಬೇರೆ ಕಡೆ ಸಾಗಿಸಿ ಆ 4 ಕೆಬಿ ಜಾಗವನ್ನು ಬಳಕೆಯಿಂದ ತೆಗೆಯುವುದು, ಯಾವ ಪ್ರೋಗ್ರಾಮೂ ಸಾಯುವುದಿಲ್ಲ. ಆದರೆ ರೀಬೂಟ್ ಮಾಡಿದರೆ ಕರ್ನಲ್‌ಗೆ ಅದು ಮರೆತೇ ಹೋಗುತ್ತದೆ!

ಇದು ತೇಪೆ ಅಷ್ಟೇ. ಎರರ್ ಎಣಿಕೆ ಜಾಸ್ತಿ ಇದ್ದ ಸ್ಲಾಟಿನಿಂದ ರ‍್ಯಾಮ್ ಸ್ಟಿಕ್ ಬಿಚ್ಚಿದೆ. ಸ್ಟಿಕ್ಕಿನ ಅಂಚಿಗೆ ಕಿಲುಬು ಹಿಡಿದಿತ್ತು. ಹೊಸದು ಹಾಕಿದ ಮೇಲೆ ಎಣಿಕೆ ಸೊನ್ನೆಯಲ್ಲೇ ಇದೆ.