ಸ್ಕೂಲ್ ವ್ಯಾನಿನಲ್ಲಿ ವಿಶೇಷ ಮಕ್ಕಳು: ಮೊದಲು ವ್ಯಾನ್ ನೋಡಿ, ಆಮೇಲೆ ಸೀಟ್ ತಗೊಳ್ಳಿ

ಮೇ ತಿಂಗಳ ಕೊನೆಗೆ ಮಂಗಳೂರು, ಉಡುಪಿಯ ಅಂಗಡಿಗಳಲ್ಲಿ ಬ್ಯಾಗು, ಕೊಡೆ, ರೇನ್‌ಕೋಟಿನ ವ್ಯಾಪಾರ ಜೋರು. ಸೆರೆಬ್ರಲ್ ಪಾಲ್ಸಿ, ಡೌನ್ ಸಿಂಡ್ರೋಮ್, ಆಟಿಸಂ ಇರುವ ಮಕ್ಕಳ ಮನೆಯಲ್ಲಿ ಇದರ ಜೊತೆ ಇನ್ನೊಂದು ಚಿಂತೆ: ವ್ಯಾನಿನಲ್ಲಿ ಮಗುವನ್ನು ಕೂರಿಸುವುದು ಹೇಗೆ? ಹೆಚ್ಚಿನವರು ಆನ್‌ಲೈನಿನಲ್ಲಿ ಕಾರ್ ಸೀಟ್ (ಗಾಡಿಯ ಸೀಟಿಗೆ ಕಟ್ಟಿ ಮಗುವನ್ನು ಕೂರಿಸುವ ಚೈಲ್ಡ್ ಸೀಟ್) ಆರ್ಡರ್ ಮಾಡಿ, ಅದು ಮನೆಗೆ ಬಂದ ಮೇಲೆ ವ್ಯಾನ್ ನೋಡುತ್ತಾರೆ. ಅದು ಉಲ್ಟಾ. ಸೀಟ್ ಎಷ್ಟೇ ದುಬಾರಿ ಇರಲಿ, ಕಟ್ಟಲು ವ್ಯಾನಿನಲ್ಲಿ ಬೆಲ್ಟ್ ಇಲ್ಲದಿದ್ದರೆ ಅದು ಬರೀ ಕುರ್ಚಿ.

ಹಾಗಾಗಿ ರಜೆಯಲ್ಲೇ ಒಂದು ದಿನ ಡ್ರೈವರಣ್ಣನಿಗೆ ಫೋನ್ ಮಾಡಿ, ವ್ಯಾನ್ ಹತ್ತಿ ನೋಡಿ. ಸೀಟುಗಳು ಮುಂದಕ್ಕೆ ಮುಖ ಮಾಡಿವೆಯಾ? ಎದುರುಬದುರು ಬೆಂಚ್ ಹಾಕಿ ಮಕ್ಕಳನ್ನು ಅಡ್ಡ ಕೂರಿಸುವ ಗಾಡಿಯಾದರೆ ಅಲ್ಲಿ ಚೈಲ್ಡ್ ಸೀಟ್ ಕಟ್ಟುವ ಹಾಗೇ ಇಲ್ಲ. ಬೆಲ್ಟ್ ಸೊಂಟಕ್ಕೆ ಮಾತ್ರ ಬರುತ್ತದಾ, ಹೆಗಲ ಮೇಲಿಂದಲೂ ಬರುತ್ತದಾ? ಮಗುವನ್ನು ಎತ್ತರಿಸಿ ಕೂರಿಸಿ ಗಾಡಿಯ ಬೆಲ್ಟನ್ನೇ ಹಾಕುವ ಬೂಸ್ಟರ್ ಸೀಟಿಗೆ ಹೆಗಲ ಬೆಲ್ಟ್ ಇರಲೇಬೇಕು. ಐದು ಪಟ್ಟಿಯ ಹಾರ್ನೆಸ್ ಇರುವ ಕೆಲವು ಸೀಟುಗಳನ್ನು ಸೊಂಟದ ಬೆಲ್ಟಿನಲ್ಲೂ ಕಟ್ಟಬಹುದು, ಆದರೆ ಕೈಪಿಡಿಯಲ್ಲಿ ಹಾಗೆಂದು ಬರೆದಿರಬೇಕು. ಸೀಟಿನ ಬೆನ್ನೂ ಕೂರುವ ಭಾಗವೂ ಸೇರುವ ಸಂದಿಗೆ ಕೈ ಹಾಕಿ ನೋಡಿ, ಚೈಲ್ಡ್ ಸೀಟನ್ನು ಬೆಲ್ಟ್ ಇಲ್ಲದೆ ನೇರ ಗಾಡಿಗೆ ಸಿಕ್ಕಿಸುವ ಐಸೋಫಿಕ್ಸ್ ಕೊಂಡಿ ಇದ್ದರೆ ಅಲ್ಲಿ ಕಬ್ಬಿಣ ಬೆರಳಿಗೆ ಸಿಗುತ್ತದೆ. ಹಳೆಯ ಓಮ್ನಿಯಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ದೊಡ್ಡ ಬಸ್ಸಾದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಸಾಲು ಕೇಳಿ. ಹಿಂದಿನ ಚಕ್ರದಿಂದಾಚೆ ಕೂತರೆ ಒಂದೊಂದು ಹಂಪಿಗೂ ಮಗು ಹಾರುತ್ತದೆ, ನಮ್ಮ ರಸ್ತೆಗಳ ಕಥೆ ಗೊತ್ತಲ್ವಾ. ಇನ್ನು ರಿಕ್ಷಾ. ಅದರಲ್ಲಿ ಕಟ್ಟಲು ಬೆಲ್ಟೇ ಇಲ್ಲ. ಚೈಲ್ಡ್ ಸೀಟ್ ಇಟ್ಟು ಹಗ್ಗ ಸುತ್ತಿದವರನ್ನು ನೋಡಿದ್ದೇನೆ. ಬೇಡ ಮಾರಾಯ್ರೇ.

ಬಾಕ್ಸ್ ಮೇಲಿನ ಕೆಜಿ ನಂಬುವ ಮೊದಲು

ಮಗುವಿನ ತೂಕ ನೋಡಿ. ಕೂರಿಸಿ, ಸೊಂಟದಿಂದ ಹೆಗಲವರೆಗಿನ ಎತ್ತರ ಅಳೆಯಿರಿ. ವಯಸ್ಸು ಇಲ್ಲಿ ದೊಡ್ಡ ಲೆಕ್ಕ ಅಲ್ಲ. ಸೀಟಿನ ಮೇಲೆ ಎಐಎಸ್ 072 ಅಥವಾ ಇಸಿಇ ಆರ್44, ಆರ್129 ಎಂಬ ಸುರಕ್ಷತಾ ಪರೀಕ್ಷೆಯ ಗುರುತು ಇರಬೇಕು.

ಬಹಳ ಜನ ಮೋಸ ಹೋಗುವುದು ಇಲ್ಲಿ. ಬಾಕ್ಸ್ ಮೇಲೆ "9ರಿಂದ 36 ಕೆಜಿ" ಅಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ಆರ್44 ಗುರುತಿನ ಇಂಥ ಸೀಟುಗಳಲ್ಲಿ ಐದು ಪಟ್ಟಿಯ ಹಾರ್ನೆಸ್ ಸಾಮಾನ್ಯವಾಗಿ 18 ಕೆಜಿವರೆಗೆ ಮಾತ್ರ. ಆಮೇಲೆ ಪಟ್ಟಿ ಬಿಚ್ಚಿ, ವಾಹನದ ಹೆಗಲ ಬೆಲ್ಟ್ ಹಾಕಿ ಅದನ್ನೇ ಬೂಸ್ಟರ್ ಮಾಡಬೇಕು. ನೆಟ್ಟಗೆ ಕೂರುವ ಮಗುವಿಗೆ ಅದು ಸರಿ. 22 ಕೆಜಿ ಇದ್ದು, ಬೆನ್ನು ನಿಲ್ಲದೆ ಪಕ್ಕಕ್ಕೆ ವಾಲುವ ಮಗುವಿಗೆ ಬೂಸ್ಟರ್ ಉಪಯೋಗಕ್ಕೆ ಬರುವುದಿಲ್ಲ, ಮಗು ಬೆಲ್ಟಿನ ಕೆಳಗಿಂದ ಜಾರಿಬಿಡುತ್ತದೆ. ಅಂಥವರಿಗೆ ಜಾಸ್ತಿ ತೂಕಕ್ಕೂ ಹಾರ್ನೆಸ್ ಇರುವ ವಿಶೇಷ ಸೀಟ್ ಬೇಕು. ಅದು ದುಬಾರಿ, ಎಲ್ಲಾ ಅಂಗಡಿಯಲ್ಲಿ ಸಿಗುವುದಿಲ್ಲ. ದುಡ್ಡು ಕೊಡುವ ಮೊದಲು ಮಗುವನ್ನು ನೋಡುವ ಫಿಸಿಯೋ ಅಥವಾ ಆಕ್ಯುಪೇಷನಲ್ ಥೆರಪಿಸ್ಟ್ ಹತ್ತಿರ ವ್ಯಾನಿನ ಫೋಟೋ ತೋರಿಸಿ ಕೇಳಿ. ತಲೆ ನಿಲ್ಲದ ಸಣ್ಣ ಮಕ್ಕಳಿಗೆ ಹಿಂದಕ್ಕೆ ಮುಖ ಮಾಡುವ ಸೀಟೇ ಒಳ್ಳೆಯದು, ಸೀಟಿನ ಮಿತಿ ಮುಗಿಯುವವರೆಗೂ ಹಾಗೇ ಇರಲಿ. ಯಾರೋ ಕೊಟ್ಟ ಹಳೆಯ ಸೀಟ್ ಆದರೆ ಅದು ಅಪಘಾತ ಕಂಡಿದೆಯಾ ಎಂದು ಕೇಳಿ. ಉತ್ತರ ಸರಿಯಾಗಿ ಬರದಿದ್ದರೆ ವಾಪಸ್ ಕೊಡಿ.

ಕಟ್ಟುವುದು ಮತ್ತು ಬಿಗಿಯುವುದು

ಚೈಲ್ಡ್ ಸೀಟನ್ನು ವ್ಯಾನಿನ ಸೀಟಿನ ಮೇಲಿಟ್ಟು, ಅದರ ಮೇಲೆ ಮೊಣಕಾಲೂರಿ ಭಾರ ಹಾಕಿ ಬೆಲ್ಟ್ ಎಳೆಯಿರಿ. ಆಮೇಲೆ ಬೆಲ್ಟ್ ಹಾದುಹೋಗುವ ಜಾಗದಲ್ಲೇ ಹಿಡಿದು ಅಲ್ಲಾಡಿಸಿ. ಎರಡೂವರೆ ಸೆಂಟಿಮೀಟರ್‌ಗಿಂತ ಜಾಸ್ತಿ ಅಲ್ಲಾಡಿದರೆ ಬಿಚ್ಚಿ ಮತ್ತೆ ಕಟ್ಟಿ. ಚೈಲ್ಡ್ ಸೀಟಿನ ಬೆನ್ನಿನ ಮೇಲ್ಭಾಗವನ್ನು ಗಾಡಿಗೆ ಕಟ್ಟುವ ಟೆದರ್ ಪಟ್ಟಿ ಇದ್ದು, ಅದಕ್ಕೆ ವ್ಯಾನಿನಲ್ಲಿ ಕೊಂಡಿಯೂ ಇದ್ದರೆ ಹಾಕಿ. ಅದು ತಲೆ ಮುಂದಕ್ಕೆ ಹಾರುವುದನ್ನು ಕಡಿಮೆ ಮಾಡುತ್ತದೆ.

ಈಗ ಮಗು. ಸೊಂಟವನ್ನು ಪೂರ್ತಿ ಹಿಂದಕ್ಕೆ ತಳ್ಳಿ ಕೂರಿಸಿ. ಮುಂದಕ್ಕೆ ಮುಖವಿದ್ದರೆ ಹೆಗಲ ಪಟ್ಟಿ ಹೆಗಲಿನ ಸಮಕ್ಕೆ ಅಥವಾ ಸ್ವಲ್ಪ ಮೇಲಿನ ತೂತಿನಿಂದ ಬರಬೇಕು, ಹಿಂದಕ್ಕೆ ಮುಖವಿದ್ದರೆ ಸಮಕ್ಕೆ ಅಥವಾ ಕೆಳಗಿನಿಂದ. ಪಟ್ಟಿ ಎಳೆದ ಮೇಲೆ ಕೊರಳಿನ ಪಕ್ಕದ ಎಲುಬಿನ ಹತ್ತಿರ ಎರಡು ಬೆರಳಲ್ಲಿ ಪಟ್ಟಿಯನ್ನು ಚಿವುಟಿ ನೋಡಿ. ಮಡಿಕೆ ಬೆರಳಿಗೆ ಸಿಕ್ಕಿದರೆ ಲೂಸ್. ಜಾರಿಹೋದರೆ ಸರಿ.

"ಇಷ್ಟು ಟೈಟ್ ಮಾಡಿದ್ರೆ ಮಗು ಅಳ್ತದೆ ಅಕ್ಕ" ಅಂತ ವ್ಯಾನಿನ ಆಯಾ ಹೇಳಿಯೇ ಹೇಳುತ್ತಾರೆ. ಪಾಪ, ಅವರದ್ದೂ ತಪ್ಪಲ್ಲ, ಅವರಿಗೆ ಯಾರೂ ತೋರಿಸಿಕೊಟ್ಟಿರುವುದಿಲ್ಲ. ಅವರಿಗೆ ಲೆಕ್ಕ ಹೇಳಿ: ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುವ ಗಾಡಿ ಡಿಕ್ಕಿ ಹೊಡೆದು ನಿಂತರೆ, ಆರು ಮೀಟರ್ ಎತ್ತರದಿಂದ ಬಿದ್ದ ಹಾಗೆ. ನೀವು ಮನೆಯಲ್ಲಿ ಎಷ್ಟು ಚೆನ್ನಾಗಿ ಕಲಿತರೂ ದಿನಾ ಸಂಜೆ ಬಕಲ್ ಹಾಕುವುದು ಅವರ ಕೈ. ಹಾಗಾಗಿ ಬಾಯಲ್ಲಿ ಹೇಳಿದರೆ ಸಾಲದು, ನಿಮ್ಮ ಮುಂದೆಯೇ ಅವರು ಹಾಕಿ, ಬಿಚ್ಚಿ, ಮತ್ತೆ ಹಾಕಲಿ. ಬದಲಿ ಆಯಾ ಬರುವ ದಿನ ಉಂಟು, ಅದಕ್ಕೆ ಸರಿಯಾಗಿ ಕೂರಿಸಿದ ಒಂದು ಫೋಟೋ ಸೀಟಿನ ಹಿಂದೆ ಅಂಟಿಸಿಡಿ.

ಮಳೆಗಾಲದಲ್ಲಿ ರೇನ್‌ಕೋಟ್ ಮೇಲೆಯೇ ಹಾರ್ನೆಸ್ ಹಾಕಬೇಡಿ. ಹೊರಗಿಂದ ಬಿಗಿ ಕಾಣುತ್ತದೆ, ಒಳಗೆ ಮಗು ಲೂಸ್. ಕೋಟ್ ತೆಗೆದು, ಪಟ್ಟಿ ಬಿಗಿದು, ಬೇಕಾದರೆ ಮೇಲಿಂದ ಹೊದಿಸಿ. ಬೆನ್ನಿನ ಬ್ಯಾಗಿಗೂ ಅದೇ ಮಾತು.

ಪಕ್ಕಕ್ಕೆ ವಾಲುವ ಮಗುವಿಗೆ ಬೈರಾಸು ಸುರುಳಿ ಸುತ್ತಿ ಎರಡೂ ಪಕ್ಕ, ಹಾರ್ನೆಸ್ಸಿನ ಹೊರಗೆ ಇಡಬಹುದು. ಬೆನ್ನ ಹಿಂದೆ ಅಥವಾ ಪಟ್ಟಿಯ ಕೆಳಗೆ ಏನೂ ಬೇಡ. ತಲೆ ಮುಂದಕ್ಕೆ ಬೀಳುತ್ತದೆಂದು ಹಣೆಗೆ ಬಟ್ಟೆ ಕಟ್ಟಿ ಸೀಟಿಗೆ ಬಿಗಿಯುವುದು ಅಪಾಯ: ಮೈ ಮುಂದೆ ಹೋಗುತ್ತದೆ, ತಲೆ ಹಿಂದೆ ಉಳಿಯುತ್ತದೆ, ಪೆಟ್ಟು ಕುತ್ತಿಗೆಗೆ. ಸೀಟಿನ ಒರಗು ಕೈಪಿಡಿ ಹೇಳಿದಷ್ಟು ಜಾಸ್ತಿ ಮಾಡಿ, ಅದೂ ಸಾಲದಿದ್ದರೆ ಥೆರಪಿಸ್ಟನ್ನು ಕೇಳಿ. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಿಗೆ ಕುತ್ತಿಗೆಯ ಮೇಲಿನ ಎಲುಬುಗಳ ಹಿಡಿತ ಸಡಿಲ ಇರುತ್ತದೆ, ಅವರ ವಿಷಯದಲ್ಲಿ ಡಾಕ್ಟರ ಮಾತು ಮೊದಲು. ಆಟಿಸಂ ಇರುವ ಮಗು ಬಕಲ್ ತಾನೇ ಬಿಚ್ಚುತ್ತದೆ ಅಂತ ಕೆಲವರು ದುಪಟ್ಟಾ ಸುತ್ತಿ ಗಂಟು ಹಾಕುತ್ತಾರೆ. ಬೆಂಕಿ ಬಿದ್ದಾಗ ಆ ಗಂಟನ್ನು ಯಾರು ಬಿಚ್ಚುವುದು?

ವೀಲ್‌ಚೇರ್ ಇದ್ದರೆ

ಮಗುವನ್ನು ಎತ್ತಿ ವಾಹನದ ಸೀಟಿಗೆ ಕೂರಿಸಲು ಆಗುವುದಾದರೆ ಅದೇ ಒಳ್ಳೆಯದು. ಖಾಲಿ ವೀಲ್‌ಚೇರನ್ನು ಮಡಚಿ ಬೆಲ್ಟಿನಿಂದ ಕಟ್ಟಿಡಿ. ಸುಮ್ನೆ ಹಿಂದೆ ಒರಗಿಸಿಟ್ಟರೆ ಬ್ರೇಕ್ ಹಾಕಿದಾಗ ಅದೇ ಮಕ್ಕಳ ಮೇಲೆ ಹಾರುತ್ತದೆ. ವೀಲ್‌ಚೇರಿನಲ್ಲೇ ಕೂತು ಹೋಗಬೇಕಾದರೆ ಕುರ್ಚಿ ಮುಂದಕ್ಕೇ ಮುಖ ಮಾಡಿರಬೇಕು. ಮುಂದೆ ಎರಡು, ಹಿಂದೆ ಎರಡು, ಹೀಗೆ ನಾಲ್ಕು ಪಟ್ಟಿಗಳಿಂದ ಅದನ್ನು ನೆಲದ ಕೊಂಡಿಗೆ ಬಿಗಿಯಬೇಕು. ಪಟ್ಟಿ ಸಿಕ್ಕಿಸುವುದು ಫ್ರೇಮಿನ ಗಟ್ಟಿ ಜಾಗಕ್ಕೆ, ಚಕ್ರಕ್ಕಾಗಲಿ ಕಾಲಿಡುವ ಪಟ್ಟಿಗಾಗಲಿ ಅಲ್ಲ. ಟ್ರೇ ತೆಗೆದು ಬೇರೆ ಕಡೆ ಕಟ್ಟಿ. ಕುರ್ಚಿಯಲ್ಲೇ ಇರುವ ವೆಲ್ಕ್ರೋ ಬೆಲ್ಟ್ ಕೂರಲು ಮಾತ್ರ, ಅಪಘಾತ ತಡೆಯಲು ಅಲ್ಲ. ಮಗುವಿಗೆ ವಾಹನದ್ದೇ ಸೊಂಟ ಮತ್ತು ಹೆಗಲ ಬೆಲ್ಟ್ ಬೇರೆ ಬೇಕು. ಕುರ್ಚಿ ಕೊಳ್ಳುವಾಗಲೇ ಐಎಸ್‌ಒ 7176-19 ಪರೀಕ್ಷೆ ಆಗಿದೆಯಾ ಎಂದು ಕೇಳಿ. ವಾಹನದೊಳಗೆ ಕೂತು ಹೋಗಲು ಆಗುವ ಕುರ್ಚಿಗೆ ಇರುವ ಪರೀಕ್ಷೆ ಅದು.

ಶಾಲೆಯವರ ಹತ್ತಿರ ಮಾತಾಡುವಾಗ ಕೈಯಲ್ಲಿ ಕಾನೂನು ಇರಲಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ, ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಗಳು ಈ ಮಕ್ಕಳಿಗೆ, ಜಾಸ್ತಿ ನೆರವು ಬೇಕಾದವರ ಜೊತೆಗಾರರಿಗೂ, ಸಾರಿಗೆ ವ್ಯವಸ್ಥೆ ಮಾಡಬೇಕು. 2019ರ ಮೋಟಾರು ವಾಹನ ತಿದ್ದುಪಡಿಯ 194ಬಿ ಪ್ರಕಾರ, 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಚೈಲ್ಡ್ ಸೀಟ್ ಇಲ್ಲದೆ ಗಾಡಿ ಓಡಿಸಿದರೆ ಸಾವಿರ ರೂಪಾಯಿ ದಂಡ. ಸರ್ಕಾರಿ ಶಾಲೆಯಾದರೆ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಸಾರಿಗೆ ಭತ್ಯೆ, ಬೆಂಗಾವಲು ಭತ್ಯೆ ಎರಡೂ ಉಂಟು. ವಿಶೇಷ ಮಕ್ಕಳ ಕಲಿಕೆ ನೋಡಿಕೊಳ್ಳುವ ತಾಲ್ಲೂಕಿನ ಬಿಐಇಆರ್‌ಟಿ ಟೀಚರನ್ನು ಕೇಳಿ. ಕೇಳುವುದನ್ನು ಪತ್ರದಲ್ಲೇ ಕೇಳಿ, ಸಹಿ ಹಾಕಿಸಿದ ಪ್ರತಿ ಇಟ್ಟುಕೊಳ್ಳಿ.

ಅದೇ ಪತ್ರದ ಜೊತೆ ಒಂದು ಕಾರ್ಡ್ ಕೊಡಿ: ಮಗುವಿನ ತೊಂದರೆ ಏನು, ಔಷಧ ಯಾವುದು, ಮಾತು ಬರುತ್ತದಾ, ಯಾರಿಗೆ ಫೋನ್ ಮಾಡಬೇಕು. ಫಿಟ್ಸ್ ಬರುವ ಮಗುವಾದರೆ ಅದನ್ನೂ ಬರೆಯಿರಿ: ಗಾಡಿ ಬದಿಗೆ ಹಾಕಬೇಕು, ಬಾಯಿಗೆ ಏನೂ ತುರುಕಬಾರದು, ಐದು ನಿಮಿಷ ದಾಟಿದರೆ 108. ಬೆಲ್ಟ್ ಕತ್ತರಿಸುವ ಕಟ್ಟರ್ ಡ್ರೈವರ್ ಕೈಗೆ ಸಿಗುವಲ್ಲಿ ಇರಲಿ. ಅವಸರದಲ್ಲಿ ಮಗುವನ್ನು ಯಾರು ಎತ್ತಿಕೊಂಡು ಇಳಿಯುವುದು ಅಂತ ಮೊದಲೇ ಹೆಸರು ಹಿಡಿದು ಮಾತಾಡಿಕೊಳ್ಳಿ.

ನಮ್ಮ ಕರಾವಳಿಯ ಹವೆಗೆ ಪಟ್ಟಿಗೆ ಬೂಷ್ಟು ಹಿಡಿಯುತ್ತದೆ, ಬಕಲಿನ ಒಳಗೆ ಚಕ್ಕುಲಿ ಪುಡಿ ಕೂತು ಕ್ಲಿಕ್ ಅನ್ನುವುದೇ ನಿಲ್ಲುತ್ತದೆ. ಪಟ್ಟಿಯನ್ನು ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ನೆರಳಲ್ಲಿ ಒಣಗಿಸಿ. ವಾಷಿಂಗ್ ಮೆಷಿನ್, ಬ್ಲೀಚ್ ಬೇಡ. ಬಕಲಿಗೆ ತೆಂಗಿನೆಣ್ಣೆಯಂತೂ ಬೇಡವೇ ಬೇಡ. ದಸರಾ ರಜೆ ಮುಗಿದು ಶಾಲೆ ಶುರುವಾಗುವ ಮುಂಚೆ ಮಗುವಿನ ತೂಕ, ಹೆಗಲ ಎತ್ತರ ಮತ್ತೆ ನೋಡಿ, ಪಟ್ಟಿಯ ತೂತು ಬದಲಿಸಬೇಕಾದರೆ ಬದಲಿಸಿ, ಹೊಸ ಫೋಟೋ ತೆಗೆದು ಆಯಾನಿಗೆ ಕೊಡಿ.